ಹೆಡ್‌ಫೋನಿನಲ್ಲಿ ಕೇಳಿದ ಅಜ್ಜಿ, ರೇಡಿಯೊದಲ್ಲಿ ಕಳೆದುಹೋದ ಅಜ್ಜಿ



"ಒಳ್ಳೆಯ ಹೆಡ್‌ಫೋನ್ ಇದ್ದರೆ ಸ್ಪೀಕರ್ ಇಲ್ಲದೆಯೇ ಮಿಕ್ಸಿಂಗ್ ಮಾಡಬಹುದಲ್ಲವೇ?" ಅಂತ ನಿಮ್ಮಲ್ಲಿ ಕೆಲವರು ಕೇಳುತ್ತಿರುತ್ತೀರಿ. ಉತ್ತರಕ್ಕೆ ಮುಂಚೆ ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ.

ವಾರಾಣಸಿಯ ದಶಾಶ್ವಮೇಧ ಘಾಟಿನಲ್ಲಿ ಸಂಜೆಯ ಗಂಗಾರತಿ ರೆಕಾರ್ಡ್ ಮಾಡಿದ್ದೆ. ಜಂಗಮವಾಡಿ ಮಠಕ್ಕೆ ಬಂದಿದ್ದ ಧಾರವಾಡ ಕಡೆಯ ಅಜ್ಜಿಯೊಬ್ಬರು ಅಲ್ಲೇ ಸಿಕ್ಕರು. ಕಾಶಿಗೆಂದು ವರ್ಷಗಟ್ಟಲೆ ದುಡ್ಡು ಕೂಡಿಟ್ಟ ಕಥೆ ಹೇಳಿದರು. ರಾತ್ರಿ ಲಾಡ್ಜಿನಲ್ಲಿ ದುಬಾರಿ ಹೆಡ್‌ಫೋನ್ ಹಾಕಿಕೊಂಡು ಮಿಕ್ಸ್ ಮಾಡಿದೆ. ಅಜ್ಜಿಯ ಮಾತು ಎಡಕ್ಕೆ. ಶಂಖ, ಗಂಟೆ, ಡಮರು ಬಲಕ್ಕೆ. ಘಾಟಿನ ಮೆಟ್ಟಿಲ ಮೇಲೆ ಕೂತ ಹಾಗೇ ಇತ್ತು!

ಪ್ರಸಾರವಾದ ಮೇಲೆ ನಮ್ಮೂರಿನಲ್ಲೇ ಇರುವ ಅವರ ಮಗ ಫೋನ್ ಮಾಡಿದರು. "ಗಂಟಿ ಸಪ್ಪಳ ಛಲೋ ಕೇಳಿಸ್ತರಿ, ನಮ್ಮವ್ವನ ಮಾತೇ ತಿಳೀಲಿಲ್ಲ."

ಆದದ್ದಿಷ್ಟು. ಹೆಡ್‌ಫೋನಿನಲ್ಲಿ ಎಡದ ಸದ್ದು ಎಡಗಿವಿಗೆ ಮಾತ್ರ, ಬಲದ್ದು ಬಲಗಿವಿಗೆ ಮಾತ್ರ. ಎರಡೂ ಬೇರೆ ಬೇರೆ ಬಾಗಿಲಿನಿಂದ ಬರುವುದರಿಂದ ಮೆಲುಮಾತೂ ಬಿಡಿಸಿಕೊಂಡು ಕೇಳುತ್ತದೆ. ಸ್ಪೀಕರ್ ಹಾಗಲ್ಲ. ಎಡ ಸ್ಪೀಕರಿನ ಸದ್ದು, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗಿ, ಬಲಗಿವಿಗೂ ತಲುಪುತ್ತದೆ. ಅಡುಗೆಮನೆಯ ಒಂಟಿ ಸ್ಪೀಕರಿನ ರೇಡಿಯೊದಲ್ಲಂತೂ ಎಲ್ಲಕ್ಕೂ ಒಂದೇ ಬಾಗಿಲು. ಎಫ್‌ಎಂ ಸಿಗ್ನಲ್ ಸೊರಗಿದಾಗ ಕಾರಿನ ರೇಡಿಯೊ ಕೂಡ ಸ್ಟೀರಿಯೊ ಬಿಟ್ಟು ಮೊನೊಗೆ ಇಳಿಯುತ್ತದೆ. ಗಂಟೆ ಅಜ್ಜಿಯನ್ನು ನುಂಗಿತು.

ಹಾಗೆಂದು ಹೆಡ್‌ಫೋನನ್ನು ಜರೆಯಲಾರೆ. ದೂರದ ದೋಣಿಯ ಮೋಟಾರಿನ ಗುಯ್‌ಗುಟ್ಟುವಿಕೆ, ಕತ್ತರಿಸಿ ಜೋಡಿಸಿದ ಕಡೆಯ ಟಿಕ್ ಸದ್ದು, ಇವನ್ನು ಹಿಡಿದುಕೊಟ್ಟದ್ದು ಅದೇ. ಇನ್ನೊಂದು ಮಾತು: ಹತ್ತಡಿ ಅಗಲದ ಕೋಣೆಯಲ್ಲಿ ಲಕ್ಷದ ಸ್ಪೀಕರೂ ಸುಳ್ಳು ಹೇಳುತ್ತದೆ. ಎದುರುಬದುರು ಗೋಡೆಗಳ ನಡುವೆ 56 ಹರ್ಟ್ಜ್ ಆಸುಪಾಸಿನ ಸದ್ದು ಸಿಕ್ಕಿಬೀಳುತ್ತದೆ. ಗೋಡೆಗೆ ಒರಗಿದರೆ ಗುಂ ಗುಂ, ಕೋಣೆಯ ನಡುವೆ ಕೂತರೆ ಬಹುತೇಕ ಮಾಯ. ಅಲ್ಲಿ ಕೂತು ತಬಲಾದ ಡಗ್ಗಾ ಎಷ್ಟಿರಬೇಕೆಂದು ತೀರ್ಮಾನಿಸುವುದು ಹೇಗೆ? ಅಂಥ ಕೋಣೆಗಿಂತ ಸೆನ್‌ಹೈಸರ್ ಎಚ್‌ಡಿ 600ನಂಥ ಹೆಡ್‌ಫೋನ್ ಎಷ್ಟೋ ವಾಸಿ. ಆದರೆ ಡಗ್ಗಾದ ಗುಮುಕು ಎದೆಗೂ ತಾಕಬೇಕು. ಅದನ್ನು ಯಾವ ಹೆಡ್‌ಫೋನೂ ಕೊಡುವುದಿಲ್ಲ.

ಎಡದ ಸದ್ದನ್ನು ಬಲಗಿವಿಗೂ ಸ್ವಲ್ಪ ಬೆರೆಸಿ, ಸ್ಪೀಕರಿನ ಮುಂದೆ ಕೂತಂತೆ ಕೇಳಿಸುವ ಸಾಫ್ಟ್‌ವೇರ್‌ಗಳು ಈಗ ಇವೆ. ಉಪಯೋಗವಿದೆ, ಆದರೆ ಒಬ್ಬೊಬ್ಬರ ಕಿವಿಯ ಆಕಾರ ಒಂದೊಂದು ಥರ. ನನಗೆ ಒಪ್ಪಿದ್ದು ನಿಮಗೆ ಒಪ್ಪಬೇಕೆಂದಿಲ್ಲ. ನನ್ನ ಕೇಳಿದರೆ, ಮಿಕ್ಸಿಂಗಿನ ಮುಕ್ಕಾಲು ಪಾಲು ಹೆಡ್‌ಫೋನಿನಲ್ಲಿ ಮಾಡಬಹುದು, ಮಧ್ಯೆ ಮಧ್ಯೆ ಮೊನೊ ಗುಂಡಿ ಒತ್ತಿ ನೋಡಬೇಕು. ಪ್ರಸಾರಕ್ಕೆ ಮುಂಚಿನ ಕೊನೆಯ ಹದ, ಅಂದರೆ ಮಾಸ್ಟರಿಂಗ್, ಅದಕ್ಕೆ ಮಾತ್ರ ಗಾಳಿಯಲ್ಲಿ ಹಾದುಬಂದ ಸದ್ದನ್ನೇ ಕೇಳಬೇಕು.

ಅಜ್ಜಿಯನ್ನು ನಡುವಿಗೆ ತಂದು, ಗಂಟೆಯನ್ನು ತಗ್ಗಿಸಿ ಮತ್ತೆ ಮಿಕ್ಸ್ ಮಾಡಿದೆ. ಈ ಸಲ ಕೇಳಿದ್ದು ನಮ್ಮ ಮನೆಯ ಹಳೇ ರೇಡಿಯೊದಲ್ಲಿ, ಪಕ್ಕದಲ್ಲಿ ಕುಕ್ಕರ್ ಕೂಗುತ್ತಿರುವಾಗ. ಮರುಪ್ರಸಾರದ ದಿನ ಅವರ ಮಗ ಮತ್ತೆ ಫೋನ್ ಮಾಡಿದರು. ರೆಕಾರ್ಡಿಂಗಿನ ಒಂದು ಪ್ರತಿ ಬೇಕಿತ್ತಂತೆ.