ಹತ್ತು ಕೈ, ಒಂದೇ ಅಳತೆ

ನೌಪಾಡಾದ ಗೋಖಲೆ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳು ಇಂದು ಥಾಣೆಯಿಂದ ಲೋಕಲ್ ಹಿಡಿದು ಐರೋಳಿ, ಘನ್ಸೋಲಿಗಳ ಕಂಪ್ಯೂಟರ್ ಕಚೇರಿಗಳಿಗೆ ಹೋಗುವುದುಂಟು. ತಂದೆಯಾದವರು ಹೋಟೆಲಿನ ಗಲ್ಲಾದಲ್ಲಿಯೋ ಗುಮಾಸ್ತಿಕೆಯಲ್ಲಿಯೋ ಆಯುಷ್ಯವನ್ನು ಸವೆಸಿದವರು. ಮಗನ ಉದ್ಯೋಗವೇನೆಂದು ಕೇಳಿದರೆ “ಕೋಡ್ ಬರೆಯುತ್ತಾನೆ” ಎನ್ನುವರೇ ಹೊರತು ಅದರ ಒಳಗನ್ನು ಬಲ್ಲವರು ವಿರಳ. ಆದರೆ ಆ ಉದ್ಯೋಗದ ಒಂದು ಅಂಗವು ನಮ್ಮವರಿಗೆ ಹೊಸದೇನೂ ಅಲ್ಲ.

ಒಬ್ಬನೇ ಧಣಿಯ ನಾಲ್ಕು ಹೋಟೆಲುಗಳಲ್ಲಿ ನಾಲ್ವರು ಭಟ್ಟರು ತಂತಮ್ಮ ಕೈಯಳತೆಯಲ್ಲಿ ಸಾಂಬಾರು ಮಾಡಿದರೆ ಏನಾದೀತು? ಗಿರಾಕಿ ಮುಖ ಸಿಂಡರಿಸುವನು. ಒಂದು ಅಡಿಗೆಮನೆಯಿಂದ ಇನ್ನೊಂದಕ್ಕೆ ಬಂದ ಮಾಣಿ ವೃಥಾ ಬೈಗುಳ ತಿನ್ನುವನು. ಹತ್ತು ಜನ ಸೇರಿ ಕೋಡ್ ಬರೆಯುವಲ್ಲಿಯೂ ಇದೇ ಸಂಕಟ.

ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಜಾನ್ಸನ್ ಅವರು 1978ರಲ್ಲಿ ‘ಲಿಂಟ್’ ಎಂಬ ತಪಾಸಣೆಯ ಪ್ರೋಗ್ರಾಮನ್ನು ರಚಿಸಿದರು. ಲಿಂಟ್ ಎಂದರೆ ಬಟ್ಟೆಗಂಟಿದ ನೂಲಿನ ಜುಂಗು. ಕೋಡನ್ನು ನಡೆಸುವ ಮೊದಲೇ ಓದಿ, ಸಂಶಯಾಸ್ಪದ ಸಾಲುಗಳನ್ನು ಎತ್ತಿ ತೋರಿಸುವುದೇ ಅದರ ಕಾರ್ಯ. ಜಾವಾಸ್ಕ್ರಿಪ್ಟ್ ಭಾಷೆಗೆ ಇಂಥದೇ ‘ಇಎಸ್‌ಲಿಂಟ್’ ಅನ್ನು ನಿಕೋಲಸ್ ಝಾಕಸ್ ಅವರು 2013ರಲ್ಲಿ ಆರಂಭಿಸಿದರು.

ಜುಂಗೆಂದು ಅಲಕ್ಷಿಸುವಂತಿಲ್ಲ. ಆಪಲ್ ಕಂಪನಿಯ ಕೋಡಿನಲ್ಲಿ ಒಂದೇ ಅಪ್ಪಣೆಯ ಸಾಲು ಎರಡು ಸಲ ಬಿದ್ದು, ಸುರಕ್ಷಿತ ಸಂಪರ್ಕದ ಸಹಿಯ ಪರೀಕ್ಷೆಯೇ ತಪ್ಪಿಹೋಗಿತ್ತು. 2014ರ ಫೆಬ್ರವರಿಯಲ್ಲಿ ಅದನ್ನು ತಿದ್ದಬೇಕಾಯಿತು. ರೋಜುಕೀರ್ದಿಯಲ್ಲಿ ಒಂದೇ ರಕಮು ಎರಡು ಸಲ ಏರಿದರೆ ಆಗುವ ಅನರ್ಥವನ್ನು ನಮ್ಮ ಗುಮಾಸ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ‘ಇದರ ಮುಂದಿನ ಸಾಲುಗಳು ಎಂದಿಗೂ ನಡೆಯವು’ ಎಂದು ಎಚ್ಚರಿಸುವ ನಿಯಮವಿದ್ದಿದ್ದರೆ ಆ ತಪ್ಪು ಮೊದಲೇ ಸಿಗಬಹುದಾಗಿತ್ತು.

ಪ್ರತಿಯೊಂದು ಯೋಜನೆಗೂ ಬೇರೆ ಬೇರೆ ನಿಯಮಾವಳಿ ಬರೆಯುವ ಬದಲು, ಒಂದನ್ನೇ ಬರೆದು ಎಲ್ಲ ಯೋಜನೆಗಳೂ ಅದನ್ನು ತರಿಸಿಕೊಳ್ಳುವಂತೆ ಮಾಡುವುದು ಜಾಣತನ. ಇಎಸ್‌ಲಿಂಟಿನಲ್ಲಿ ಪ್ರತಿ ನಿಯಮಕ್ಕೂ ಮೂರು ಸ್ಥಿತಿಗಳಿವೆ: ಸುಮ್ಮನಿರುವುದು, ಎಚ್ಚರಿಸುವುದು, ತಡೆಯುವುದು. ಹಳೆಯ ಕೋಡಿನ ಮೇಲೆ ಮೊದಲ ದಿನವೇ ಎಲ್ಲ ನಿಯಮಗಳನ್ನೂ ತಡೆಗೇರಿಸಿದರೆ ದೋಷಗಳ ರಾಶಿ ಬಿದ್ದು ಕೆಲಸವೇ ನಿಂತೀತು. ಮೊದಲು ಎಚ್ಚರಿಕೆ, ಬಳಿಕ ತಡೆ. ಒಂದು ಯೋಜನೆಗೆ ವಿಶೇಷ ಅಗತ್ಯವಿದ್ದರೆ ಕಾರಣ ಬರೆದಿಟ್ಟು ಅಲ್ಲಿಗೆ ಮಾತ್ರ ಸಡಿಲಿಸಬೇಕು. ಮೂಲ ನಿಯಮಾವಳಿಯನ್ನು ಬದಲಿಸಿದಾಗ ಅದಕ್ಕೆ ಹೊಸ ಸಂಖ್ಯೆ ಕೊಡಬೇಕು. ಇಲ್ಲವಾದರೆ ಒಬ್ಬನು ಮಾಡಿದ ಬದಲಾವಣೆಯಿಂದ ಹತ್ತು ಯೋಜನೆಗಳು ಒಮ್ಮೆಲೇ ಕೆಟ್ಟಾವು.

ಇದರಲ್ಲಿ ನಾವು ಕಾಣುವ ದೊಡ್ಡ ಲಾಭವೆಂದರೆ ಮಾನದ್ದು. ಹೊಸದಾಗಿ ಸೇರಿದ ನಮ್ಮ ಹುಡುಗನನ್ನು ಹಿರಿಯನೊಬ್ಬ ನಾಲ್ವರೆದುರು ತಿದ್ದಿದರೆ ಅವನ ಮನಸ್ಸು ಕುಗ್ಗುವುದು. ಎಲ್ಲರೂ ಕುಳಿತು ಒಪ್ಪಿಕೊಂಡ ನಿಯಮವೇ ತಿದ್ದಿದರೆ ಹಾಗಲ್ಲ. ಅದು ಹಿರಿಯನನ್ನೂ ಅಷ್ಟೇ ನಿಷ್ಠುರವಾಗಿ ತಿದ್ದುವುದು. ಆದರೆ ಮೇಲಿನವನೊಬ್ಬನೇ ಬರೆದು ಹೇರಿದ ನಿಯಮಕ್ಕೆ ಈ ಗುಣ ಬಾರದು.

ಅಳತೆಯ ಪಾತ್ರೆ ಸರಿಯಿದ್ದ ಮಾತ್ರಕ್ಕೆ ಸಾಂಬಾರು ರುಚಿಸೀತೆಂದಲ್ಲ. ರುಚಿ ನೋಡುವ ನಾಲಗೆ ಬೇಕೇ ಬೇಕು. ಆದರೂ ಅಳತೆಯ ಬಗೆಗಿನ ಜಗಳ ತಪ್ಪಿದರೆ ಭಟ್ಟರಿಗೆ ರುಚಿಯ ಕಡೆಗೆ ಗಮನ ಕೊಡಲು ಬಿಡುವಾದರೂ ದೊರೆತೀತು.