ಚೌಕಾಬಾರದ ಕಾಯಿಗಳು

ಅಜ್ಜಿಯೊಡನೆ ಈ ನಗರಕ್ಕೆ ಬಂದ ಚೌಕಾಬಾರವು ಅಜ್ಜಿಯೊಡನೆಯೇ ಹೋಗಬಾರದಷ್ಟೆ? ಅದರ ಕಾಯಿಗಳನ್ನು ನಾವೇ ಮಾಡಿಕೊಳ್ಳೋಣ.

ನಾಲ್ವರ ಆಟಕ್ಕೆ ತಲೆಗೆ 4ರಂತೆ 16 ಕಾಯಿಗಳು. ಐದು ಮನೆಗಳಿಗೆ 80. ಒಂದೊಂದನ್ನೇ ಕೊಯ್ದು ಬಣ್ಣ ಬಳಿದರೆ ಕಾಲವೂ ವ್ಯರ್ಥ, ಅಳತೆಯೂ ಹೆಚ್ಚುಕಡಿಮೆ. ಆದುದರಿಂದ ಒಂದು ಮೀಟರು ಉದ್ದದ ದುಂಡುಕೋಲನ್ನು 25 ಸೆಂಟಿಮೀಟರಿನ ನಾಲ್ಕು ಭಾಗ ಮಾಡಿ, ಮೊದಲೇ ನಾಲ್ಕು ಬಣ್ಣ ಬಳಿಯಬೇಕು. ಒಣಗಿದ ಮೇಲೆ, ಗರಗಸ ಆಡುವ ಗೆರೆಯಿಂದ 1 ಸೆಂಟಿಮೀಟರು ದೂರದಲ್ಲಿ ಅಡ್ಡಪಟ್ಟಿಯೊಂದನ್ನು ಜಡಿದು, ಕೋಲಿನ ತುದಿಯನ್ನು ಅದಕ್ಕೆ ತಾಗಿಸಿ, ಹಿರಿಯರ ಸಮಕ್ಷಮದಲ್ಲಿ ಕೊಯ್ಯಬೇಕು. ಪ್ರತಿ ಸಲವೂ ಅಳೆಯುವ ಶ್ರಮವಿಲ್ಲ. ಗರಗಸದ ಹುಡಿಗೆ ಕೊಂಚ ಹೋದರೂ ಬಣ್ಣಕ್ಕೆ 20 ಸಮನಾದ ಕಾಯಿಗಳು ನಿಶ್ಚಯ. ಕಡೆಗೆ ಎಲ್ಲವನ್ನೂ ಮರಳುಕಾಗದದ ಮೇಲೆ ಉಜ್ಜಿದರೆ ನೆಟ್ಟಗೆ ನಿಲ್ಲುತ್ತವೆ.

ಒಂದು ಕೋಲಿನಿಂದ ಐದು ಮನೆಗಳಲ್ಲಿ ಕವಡೆಗಳು ಮತ್ತೆ ಉರುಳುವುವು.