ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯ

ಕೊಲ್ಲಾಪುರಕ್ಕೆ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಮಹಾಲಕ್ಷ್ಮಿಯ ದರ್ಶನಕ್ಕೆಂದು ಹೋಗತಕ್ಕವರು. ದರ್ಶನ ಮುಗಿಸಿ, ಪ್ರಸಾದ ಕಟ್ಟಿಕೊಂಡು, ಪೇಟೆಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ಊರ ದಾರಿ ಹಿಡಿಯುತ್ತಾರೆ. ಅದೇ ಊರಿನ ಟೌನ್ ಹಾಲಿನಲ್ಲಿ ನಮ್ಮ ಗಡಿನಾಡಿನ ಎರಡು ಸಾವಿರ ವರ್ಷಗಳ ಇತಿಹಾಸ ಕಾದು ಕುಳಿತಿದೆಯೆಂಬುದನ್ನು ಬಲ್ಲವರು ವಿರಳ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯ ಬಂಧುಗಳಾದರೂ ಇದನ್ನು ಅರಿತಿರಬೇಕು.

ಈ ಕಟ್ಟಡವು 1872ರಿಂದ 1876ರ ಅವಧಿಯಲ್ಲಿ ಎದ್ದು ನಿಂತಿತು. ಇದರ ಶಿಲ್ಪಿ ಮೇಜರ್ ಚಾರ್ಲ್ಸ್ ಮ್ಯಾಂಟ್. ಕೊಲ್ಲಾಪುರದ ಹೊಸ ಅರಮನೆಯ ನಕ್ಷೆಯೂ ಅವನದೇ. ಅರಮನೆಯಲ್ಲಿ ದೇಶೀಯ ಮತ್ತು ವಿದೇಶೀಯ ಶೈಲಿಗಳನ್ನು ಬೆರೆಸಿದ ಅವನು, ಇಲ್ಲಿ ಮಾತ್ರ ಇಂಗ್ಲೆಂಡಿನ ಗಾಥಿಕ್ ಮಾದರಿಯನ್ನೇ ಅನುಸರಿಸಿದ್ದಾನೆ. ಊರ ಸಭೆ ಸಮಾರಂಭಗಳಿಗೆಂದು ಕಟ್ಟಿದ ಈ ಭವನದೊಳಕ್ಕೆ ಪ್ರಾಚೀನ ವಸ್ತುಗಳು ಬಂದುದಕ್ಕೆ ಕಾರಣ ಪಂಚಗಂಗೆಯ ದಡದ ಬ್ರಹ್ಮಪುರಿ ದಿಬ್ಬ.

ಆ ದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಪ್ರಾಚೀನ ನಾಣ್ಯಗಳು ಸಿಕ್ಕಿದ್ದವು. 1944ರ ಸುಮಾರಿಗೆ ಅಲ್ಲಿ ಕಂಚಿನ ವಸ್ತುಗಳ ದೊಡ್ಡದೊಂದು ನಿಧಿಯೇ ದೊರೆಯಿತು. ಮುಂದೆ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್. ಡಿ. ಸಾಂಕಳಿಯಾ ಹಾಗೂ ಎಂ. ಜಿ. ದೀಕ್ಷಿತರು ಕ್ರಮಬದ್ಧವಾಗಿ ಉತ್ಖನನ ನಡೆಸಿದರು. ದೊರೆತುದನ್ನು ಇಡಲು ಒಂದು ತಾಣ ಬೇಕಾಯಿತು; ಹೀಗೆ 1946ರಲ್ಲಿ ವಸ್ತುಸಂಗ್ರಹಾಲಯ ಹುಟ್ಟಿತು. ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ 1949ರಲ್ಲಿಯೇ ಅದು ಟೌನ್ ಹಾಲಿಗೆ ಸ್ಥಳಾಂತರಗೊಂಡಿತು.

ಬ್ರಹ್ಮಪುರಿಯ ಶೋಧದಲ್ಲಿ ತೊಡಗಿದ್ದವರಲ್ಲಿ ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕರಾದ ಕೆ. ಜಿ. ಕುಂದಣಗಾರರೂ ಒಬ್ಬರು. ಉತ್ತರ ಕರ್ನಾಟಕದ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಗ್ರಂಥರೂಪಕ್ಕೆ ತಂದವರು, 1961ರ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಇವರೇ. ಪಾಠ ಹೇಳುವ ಮೇಷ್ಟರೊಬ್ಬರು ಊರ ಹೊರಗಿನ ಮಣ್ಣದಿಬ್ಬದ ಮೇಲೆ ಕಣ್ಣಿಟ್ಟದ್ದು ನಮ್ಮ ವೃತ್ತಿಯವರೆಲ್ಲ ಮೆಚ್ಚಬೇಕಾದ ಮಾತು.

ಸಂಗ್ರಹದ ಕೀರ್ತಿಯೆಲ್ಲ ಒಂದು ಗೇಣಿಗೂ ಕಿರಿದಾದ ಕಂಚಿನ ಮೂರ್ತಿಯದು. ಅದು ಗ್ರೀಕರ ಸಮುದ್ರದೇವತೆ ಪೊಸೈಡನ್. ಸಮುದ್ರವೇ ಕಾಣದ, ಸಹ್ಯಾದ್ರಿಯ ಇತ್ತಲಿನ ಊರಿಗೆ ಇವನು ಬಂದುದು ಹೇಗೆ? ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ, ಸಾತವಾಹನರ ಕಾಲಕ್ಕೆ, ರೋಮ್ ಸಾಮ್ರಾಜ್ಯದ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟುತ್ತಿದ್ದವು. ಅಲ್ಲಿಂದ ಸರಕು ಘಟ್ಟ ಹತ್ತಿ ಒಳನಾಡಿಗೆ ಬರುತ್ತಿತ್ತು. ನಿಧಿಯಲ್ಲಿ ಪರದೇಶದ ವಸ್ತುಗಳು ಕೆಲವೇ; ಮಿಕ್ಕವು ಇಲ್ಲಿಯವೇ. ಆನೆಯ ಮೇಲೆ ಸವಾರರು ಕುಳಿತ ಕಂಚಿನ ಗೊಂಬೆಯೊಂದು ಈ ದೇಶೀಯ ಕೈಗೆಲಸದ ಮಾದರಿ. ಪೊಸೈಡನ್ನನನ್ನು ನೋಡಿ ಬೆರಗಾಗುವ ಮಕ್ಕಳಿಗೆ ಈ ಆನೆಯನ್ನೂ ತೋರಿಸಬೇಕು. ನನಗಂತೂ ಇದೇ ಹೆಚ್ಚು ಪ್ರಿಯ.

ಸಾತವಾಹನರಿಂದ ಮರಾಠರ ಕತ್ತಿ ಬಂದೂಕುಗಳ ಕಡೆಗೆ ಪ್ರೇಕ್ಷಕರು ಒಂದೇ ನೆಗೆತದಲ್ಲಿ ಸಾಗಿಬಿಡುವುದುಂಟು. ನಡುವಿನ ಶಿಲಾಹಾರರ ಕಾಲವನ್ನು ಉಪಾಧ್ಯಾಯರೇ ತುಂಬಿಕೊಡಬೇಕು. ಮಹಾಲಕ್ಷ್ಮಿಯ ವರಪ್ರಸಾದ ಪಡೆದವರೆಂದು ಹೇಳಿಕೊಂಡ ಈ ಅರಸರ ಅನೇಕ ಶಾಸನಗಳು ಕನ್ನಡದವು. ಗಂಡರಾದಿತ್ಯನು ಮಿರಜ ಸೀಮೆಯಲ್ಲಿ ಗಂಡಸಮುದ್ರವೆಂಬ ಕೆರೆ ಕಟ್ಟಿಸಿ, ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಮೂವರಿಗೂ ಗುಡಿಗಳನ್ನು ಮಾಡಿಸಿದನೆಂದು 1110ರ ತಾಮ್ರಶಾಸನ ತಿಳಿಸುತ್ತದೆ. ಅವನ ಮಗ ವಿಜಯಾದಿತ್ಯನ ಕಾಲದಲ್ಲಿ ಕರ್ಣಪಾರ್ಯನು ಕನ್ನಡದಲ್ಲಿ ನೇಮಿನಾಥಪುರಾಣವನ್ನು ರಚಿಸಿದನು. ಸಂಗ್ರಹಾಲಯದ ಶಿಲ್ಪಗಳ ಮುಂದೆ ನಿಂತು ಇಷ್ಟನ್ನು ಹೇಳಿದರೆ, ಕನ್ನಡ ಶಾಲೆಯ ಹುಡುಗನಿಗೆ ತಾನು ಪರಸ್ಥಳಕ್ಕೆ ಬಂದವನೆಂಬ ಸಂಕೋಚ ಇರದು. ಮರಾಠಿ ಶಾಲೆಯವನಿಗೂ ತನ್ನೂರಿನ ಕಥೆ ಇನ್ನಷ್ಟು ಹಿರಿದಾಗಿ ಕಂಡೀತು.

ಆಬಾಲಾಲ ರಹಿಮಾನ್ ಮೊದಲಾದ ಕೊಲ್ಲಾಪುರದ ಚಿತ್ರಕಾರರ ಕೃತಿಗಳೂ ಇಲ್ಲಿವೆ. ಅವುಗಳ ವಿಚಾರ ಬೇರೊಂದು ಲೇಖನಕ್ಕೆ ಸಾಕಾಗುವಷ್ಟಿದೆ. ಸಮಯವಿದ್ದರೆ ಮಕ್ಕಳನ್ನು ಮೊದಲು ಬ್ರಹ್ಮಪುರಿ ದಿಬ್ಬಕ್ಕೆ ಕರೆದೊಯ್ದು ನದಿಯನ್ನು ತೋರಿಸಿ, ಆ ಮೇಲೆ ಟೌನ್ ಹಾಲಿಗೆ ಬರುವುದು ಲೇಸು. ಮಣ್ಣನ್ನು ಕಂಡ ಬಳಿಕ ಕಪಾಟಿನ ಮಡಕೆಚೂರುಗಳೂ ಅವರಿಗೆ ಮಾತಾಡುತ್ತವೆ.